ಗ್ರೀನ್‌ಲ್ಯಾಂಡಿನ ನರಿಗೂ ಬಕ್ಷಿ ಗಾರ್ಡನ್ ನಾಯಿಗೂ ನೆಂಟಸ್ತನ

ನಾಯಿ ನೋಡುವ ಚಟ ಇರುವವರಿಗೆ ಹಳೇ ಬೆಂಗಳೂರಿನಲ್ಲಿ ಕಾಟನ್‌ಪೇಟೆಯಂಥ ಜಾಗ ಇನ್ನೊಂದಿಲ್ಲ. ಬಸವನಗುಡಿಯ ಬೀದಿನಾಯಿಗಳು ಮನೆಯವರ ಅನ್ನ ತಿಂದು ಗೇಟಿನ ಮುಂದೆ ಬಿದ್ದುಕೊಳ್ಳುತ್ತವೆ. ಮಲ್ಲೇಶ್ವರದವು ವಾಕಿಂಗ್ ಬರುವವರ ಬಿಸ್ಕತ್ತಿಗೆ ಒಗ್ಗಿ ಕೆಟ್ಟುಹೋಗಿವೆ. ಕಾಟನ್‌ಪೇಟೆಯ ನಾಯಿ ದುಡಿದು ತಿನ್ನುತ್ತದೆ, ತನ್ನ ಗಲ್ಲಿಯನ್ನು ತಾನೇ ಕಾಯುತ್ತದೆ. ಅಗರಬತ್ತಿ ಗೋದಾಮಿನ ಮುಂದಿನ ಗುಂಪು ಮಾಂಸದಂಗಡಿ ಗುಂಪಿನ ಗಡಿ ತುಳಿಯುವುದಿಲ್ಲ. ತುಳಿದರೆ ಬಾಲ ಕಾಲಸಂದಿಗೆ ಹೋಗುತ್ತದೆ. ಕರಗದ ರಾತ್ರಿ ಮೆರವಣಿಗೆ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುವಾಗ ಮಾತ್ರ ನಾಯಿಗಳು ಜನಜಂಗುಳಿಗೆ ಬೆದರಿ ಓಡಿ ಈ ಗಡಿಗಳೆಲ್ಲ ಕಲಸಿಹೋಗುತ್ತವೆ. ಮಾರನೆಯ ಬೆಳಿಗ್ಗೆ ಕಚ್ಚಾಟ ಜೋರು.

ಈ ಗಡಿ, ಈ ಕಚ್ಚಾಟ ಎರಡೂ ಈ ವಾರದ ವಿಷಯಕ್ಕೆ ಬೇಕು. ರೇಬೀಸ್ ವೈರಸ್ಸಿಗೆ ಸ್ವಂತ ಕಾಲಿಲ್ಲ. ನಾಯಿ ಎಷ್ಟು ದೂರ ಹೋಗುತ್ತದೋ ಅಷ್ಟೇ ಅದರ ಊರು, ನಾಯಿ ಯಾರನ್ನು ಕಚ್ಚುತ್ತದೋ ಅವರೇ ಅದರ ಬಳಗ. ಹಾಗಾಗಿ ವೈರಸ್ಸಿನ ವಂಶಾವಳಿ ಓದಿದರೆ ನಾಯಿಗಳ ಚರಿತ್ರೆಯನ್ನೇ ಓದಿದಂತೆ.

ಬಂದೂಕಿನ ಗುಂಡಿನ ಆಕಾರದ ಈ ವೈರಸ್ಸಿನೊಳಗೆ ಇರುವುದು ಒಂಟಿ ಎಳೆಯ ಆರ್‌ಎನ್‌ಎ. ಅದರಲ್ಲಿ ಸುಮಾರು 12,000 ಅಕ್ಷರಗಳು, ಐದೇ ಐದು ಜೀನುಗಳು. ಕರಡು ತಿದ್ದುವವನಿಲ್ಲದ ಅಚ್ಚುಕೂಟದಂತೆ ನಕಲಿನಿಂದ ನಕಲಿಗೆ ತಪ್ಪುಗಳು ನುಸುಳುತ್ತಲೇ ಇರುತ್ತವೆ. ಆದರೂ ವರ್ಷವೊಂದಕ್ಕೆ ಉಳಿದುಕೊಳ್ಳುವ ಬದಲಾವಣೆ ಬೆರಳೆಣಿಕೆಯಷ್ಟು ಮಾತ್ರ. ಅದರ ದಾರಿಯೇ ಅಷ್ಟು ಇಕ್ಕಟ್ಟು. ಕಚ್ಚಿದ ಜಾಗದ ಸ್ನಾಯುವಿನಿಂದ ನರಕ್ಕೆ, ನರದಿಂದ ಮಿದುಳಿಗೆ, ಮಿದುಳಿನಿಂದ ಮತ್ತೆ ಜೊಲ್ಲಿನ ಗ್ರಂಥಿಗೆ ಹೋಗಬೇಕು. ಅಷ್ಟರೊಳಗೆ ನಾಯಿಯ ನಡತೆಯನ್ನೂ ಕೆಡಿಸಿ ಕಚ್ಚುವಂತೆ ಮಾಡಿರಬೇಕು. ಇದರಲ್ಲಿ ಒಂದು ಹಂತ ತಪ್ಪಿದರೂ ಆ ತಳಿ ಅಲ್ಲಿಗೇ ಮುಗಿಯಿತು. ಹೊಸತನಕ್ಕೆ ಇಲ್ಲಿ ಬಹುಮಾನಕ್ಕಿಂತ ಶಿಕ್ಷೆಯೇ ಹೆಚ್ಚು.

ಈ ಚರಿತ್ರೆ ಓದುವ ಎರಡು ಮುಖ್ಯ ಜಾಗಗಳು ನಮ್ಮ ಊರಿನಲ್ಲೇ ಇವೆ. ಒಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ, ಇನ್ನೊಂದು ನಿಮ್ಹಾನ್ಸ್‌ನ ನರವೈರಾಣು ವಿಭಾಗ. ಅನುಮಾನವಿರುವ ಸತ್ತ ನಾಯಿಯ ಮಿದುಳಿನ ಬುಡದಿಂದ, ಕಿರುಮಿದುಳಿನಿಂದ ಕಡಲೆಕಾಳಿನಷ್ಟು ಚೂರು ತೆಗೆದು ಗಾಜಿನ ಪಟ್ಟಿಗೆ ಒತ್ತುತ್ತಾರೆ. ತಣ್ಣನೆಯ ಅಸಿಟೋನಿನಲ್ಲಿ ಅದ್ದಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಹಾಕಿ ಅರ್ಧ ಗಂಟೆ ಬೆಚ್ಚಗೆ ಇಟ್ಟು ತೊಳೆಯುತ್ತಾರೆ. ರೋಗವಿದ್ದರೆ ಸೂಕ್ಷ್ಮದರ್ಶಕದ ಕತ್ತಲಲ್ಲಿ ಎಳೆ ಸೇಬಿನ ಹಸಿರು ಬಣ್ಣದ ಚುಕ್ಕಿಗಳು, ಕೆಲವು ಧೂಳಿನಷ್ಟು, ಕೆಲವು ರಾಗಿಕಾಳಿನಂತೆ ದುಂಡಗೆ, ಮಿನುಗುತ್ತವೆ. ಆ ಹಸಿರು ರೋಗ ಇದೆ ಎಂದಷ್ಟೇ ಹೇಳುತ್ತದೆ. ಯಾವ ವಂಶದ್ದು ಎಂದು ತಿಳಿಯಲು ಜೀನಿನ ಅಕ್ಷರಗಳನ್ನು ಓದಬೇಕು.

ಹಾಗೆ ಓದಿದಾಗ ಸಿಕ್ಕಿದ್ದು ಸೋಜಿಗದ ಸಂಗತಿ. 2002ರಿಂದ 2012ರವರೆಗೆ ಭಾರತದ ಪ್ರಾಣಿಗಳಿಂದ ಸಂಗ್ರಹಿಸಿದ 36 ವೈರಸ್ ಮಾದರಿಗಳ ಒಂದು ಅಧ್ಯಯನದಲ್ಲಿ ಎರಡು ಬೇರೆ ಬೇರೆ ವಂಶಗಳು ಕಂಡವು. ಒಂದು ಉಪಖಂಡದ ವಂಶ. ಶ್ರೀಲಂಕಾದಲ್ಲೂ ಇರುವುದು ಇದೇ, ನಾಯಿ ರೇಬೀಸಿನ ಕವಲುಗಳಲ್ಲೇ ತೀರಾ ಹಳೆಯದು. ಇನ್ನೊಂದು, ವಂಶವೃಕ್ಷದಲ್ಲಿ ಗ್ರೀನ್‌ಲ್ಯಾಂಡ್, ಅಲಾಸ್ಕಾ, ಸೈಬೀರಿಯಾದ ಹಿಮನರಿಗಳ ವೈರಸ್ಸಿನ ಪಕ್ಕದಲ್ಲಿ ಕೂರುತ್ತದೆ. ವಿಜ್ಞಾನಿಗಳು ಅದನ್ನು ಆರ್ಕ್ಟಿಕ್ ಮಾದರಿ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಎರಡೂ ಇವೆ. ಕಾಟನ್‌ಪೇಟೆಯ ಬಕ್ಷಿ ಗಾರ್ಡನ್ನಿನಲ್ಲಿ ನಾಳೆ ಒಂದು ನಾಯಿಗೆ ಹುಚ್ಚು ಹಿಡಿದರೆ ಅದರ ಜೊಲ್ಲಿನಲ್ಲಿರುವುದು ಹಿಮ ನೋಡಿದ ಕುಲದ ದಾಯಾದಿಯೂ ಆಗಿರಬಹುದು!

ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯ ಏರ್ವೇ ಬೂರ್ಹಿ ಮತ್ತು ಸಂಗಡಿಗರು 2008ರಲ್ಲಿ 55 ದೇಶಗಳ 192 ಮಾದರಿಗಳನ್ನು ಹೋಲಿಸಿ, ಇಂದಿನ ನಾಯಿ ರೇಬೀಸ್ ವಂಶಗಳೆಲ್ಲಕ್ಕೂ ಮೂಲಪುರುಷ ಕಳೆದ 1,500 ವರ್ಷಗಳೊಳಗಿನವನು ಎಂದು ಲೆಕ್ಕ ಹಾಕಿದರು. ನಮ್ಮ ಸುಶ್ರುತ ಸಂಹಿತೆಯಾದರೋ ಅದಕ್ಕೂ ಹಳೆಯದು. ಅದರಲ್ಲಿ ಹುಚ್ಚುನಾಯಿ, ಹುಚ್ಚುನರಿಯ ಕಡಿತವೂ ಇದೆ, ಜಲತ್ರಾಸವೂ ಇದೆ. ಅಂದರೆ ರೋಗ ಹಳೆಯದು, ಈಗ ಸುತ್ತುತ್ತಿರುವ ಕುಲಗಳು ಹೊಸವು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ವಂಶಗಳು ಬೇರೆಯಾಗಲು ಕಾರಣ ವೈರಸ್ಸಿನ ಜಾಣತನವಲ್ಲ, ಬೆಟ್ಟ, ಕಡಲು, ಮರಳುಗಾಡುಗಳ ತಡೆ ಎಂಬುದು ಆ ಅಧ್ಯಯನದ ಇನ್ನೊಂದು ಮಾತು. ನಾಯಿ ದಾಟಲಾರದ್ದನ್ನು ವೈರಸ್ಸೂ ದಾಟಲಿಲ್ಲ. ಮನುಷ್ಯರು ನಾಯಿಯನ್ನು ಹಡಗಿಗೆ ಹತ್ತಿಸಿದ ಮೇಲಿನ ಕತೆ ಬೇರೆ.

ಇನ್ನು ಪ್ರಾಣಿಯಿಂದ ಪ್ರಾಣಿಗೆ ನೆಗೆಯುವ ವಿಷಯ. ಹುಚ್ಚುನಾಯಿ ಹಸುವನ್ನು ಕಚ್ಚುತ್ತದೆ, ಹಸು ಸಾಯುತ್ತದೆ, ಅಲ್ಲಿಗೆ ಮುಗಿಯಿತು. ಮನುಷ್ಯನದ್ದೂ ಅದೇ ಗತಿ. ವೈರಸ್ಸಿನ ಲೆಕ್ಕದಲ್ಲಿ ನಾವು ಮುಂದೆ ದಾರಿಯಿಲ್ಲದ ಗಲ್ಲಿ. ಆದರೆ ಯಾವಾಗಲೋ ಒಮ್ಮೆ ನೆಗೆತ ಫಲಿಸುತ್ತದೆ. ಯುರೋಪಿನಲ್ಲಿ ನಾಯಿಯ ವೈರಸ್ಸು ಕೆಂಪುನರಿಗೆ ಒಗ್ಗಿ, 1940ರ ದಶಕದಿಂದ ಪೂರ್ವದಿಂದ ಪಶ್ಚಿಮಕ್ಕೆ ವರ್ಷಕ್ಕೆ 20ರಿಂದ 60 ಕಿಲೋಮೀಟರ್ ನಡೆಯಿತು. ಅದನ್ನು ತಡೆಯಲು ಸ್ವಿಟ್ಜರ್ಲೆಂಡಿನವರು 1978ರಲ್ಲಿ ಕೋಳಿತಲೆಯಲ್ಲಿ ಲಸಿಕೆ ಇಟ್ಟು ಕಾಡಿನಲ್ಲಿ ಹರಡಿದರು. ನಾಯಿ ಬಲ್ಲವನ ತಲೆಗೆ ಮಾತ್ರ ಹೊಳೆಯುವ ಉಪಾಯ ಅದು, ಶಾಬಾಸ್ ಅನ್ನಬೇಕು. ಅಮೆರಿಕದ ಅರಿಜೋನಾದಲ್ಲಿ 2001ರಲ್ಲಿ ಬಾವಲಿಯ ವೈರಸ್ಸು ಸ್ಕಂಕ್ ಪ್ರಾಣಿಗೆ ನೆಗೆದು, ಅಲ್ಲಿಂದ ಸ್ಕಂಕಿನಿಂದ ಸ್ಕಂಕಿಗೇ ಹಬ್ಬಿತು. ನಮೀಬಿಯಾದ ಕೂಡು ಎಂಬ ಜಿಂಕೆಜಾತಿಯಲ್ಲಂತೂ ಕಚ್ಚದೆಯೇ ಹರಡಿತು. ನಮ್ಮ ಮುಂಗುಸಿಯದು ಇದಕ್ಕಿಂತ ವಿಚಿತ್ರ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ಭಾರತದಿಂದ ಜಮೈಕಾಕ್ಕೆ ಒಯ್ದ ಮುಂಗುಸಿಗಳ ಸಂತತಿ ಕೆರಿಬಿಯನ್ ದ್ವೀಪಗಳಿಗೆ ಹಬ್ಬಿತು. ಇವತ್ತು ಕ್ಯೂಬಾ, ಪೋರ್ಟೊರಿಕೊಗಳಲ್ಲಿ ರೇಬೀಸನ್ನು ಕಾಪಾಡಿಕೊಂಡಿರುವ ಪ್ರಾಣಿ ಅದೇ.

ಈ ನೆಗೆತವನ್ನು ಕೈಯಾರೆ ಮಾಡಿ ನೋಡಿದವನು ಲೂಯಿ ಪಾಸ್ಟರ್. ವೈರಸ್ಸನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತ ಹೋದಂತೆ ಅದು ಚುರುಕಾಗಿ, ಕೊನೆಗೆ ಏಳು ದಿನದ ಆಸುಪಾಸಿನಲ್ಲಿ ರೋಗ ಬರುವಷ್ಟಕ್ಕೆ ನಿಂತಿತು. ಕೋತಿಯಿಂದ ಕೋತಿಗೆ ದಾಟಿಸಿದಾಗ ನಾಯಿಯ ಮೇಲೆ ಅದರ ಕಸುವು ಕುಗ್ಗಿತು. ಮೈ ಬದಲಾದರೆ ವೈರಸ್ಸೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಡ. ಆತ ಪಳಗಿಸಿದ ತಳಿಯ ಸಂತತಿಯಿಂದಲೇ ಇವತ್ತಿಗೂ ಹಲವು ಲಸಿಕೆಗಳು ತಯಾರಾಗುತ್ತವೆ. ಪ್ಯಾರಿಸ್ಸಿನ 1880ರ ದಶಕದ ವೈರಸ್ಸು ಕಾಟನ್‌ಪೇಟೆಯ ನಾಯಿಕಡಿತಕ್ಕೆ ಮದ್ದಾಗುವುದು ಹೇಗೆಂದರೆ, ನಮ್ಮ ದೇಹ ಗುರುತಿಸುವ ಹೊರಕವಚದ ಮುಖ್ಯ ಭಾಗಗಳು ಈ ಎಲ್ಲ ವಂಶಗಳಲ್ಲೂ ಬಹುತೇಕ ಹಾಗೇ ಉಳಿದಿವೆ. ರೇಬೀಸಿನ ದೂರದ ನೆಂಟ, ಆಫ್ರಿಕದ ಮೊಕೊಲಾ ವೈರಸ್ಸಿಗೆ ಮಾತ್ರ ಈ ಲಸಿಕೆ ನಡೆಯದು.

ಬಾವಲಿಗಳ ಬಗ್ಗೆ ಓದುಗರು ಕೇಳುತ್ತಿರುತ್ತಾರೆ. ಶ್ರೀಲಂಕಾದಲ್ಲಿ 2015ರಲ್ಲಿ ಗನ್ನೋರುವ ಎಂಬ ರೇಬೀಸ್ ಸೋದರ ವೈರಸ್ಸು ಸಿಕ್ಕಿದ್ದು ನಮ್ಮ ಊರಿನ ದೊಡ್ಡ ಮರಗಳಲ್ಲಿ ನೇತಾಡುವ ದೊಡ್ಡ ಬಾವಲಿಯ ಜಾತಿಯಲ್ಲೇ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬೇಡಿ, ಅಷ್ಟು ಸಾಕು. ಭಯ ಖರ್ಚು ಮಾಡುವುದಿದ್ದರೆ ನಾಯಿಯ ಮೇಲೆ ಮಾಡಿ. ನಮ್ಮ ದೇಶದಲ್ಲಿ ವೈರಸ್ಸನ್ನು ಜೀವಂತವಾಗಿ ಇಟ್ಟಿರುವುದು ನಾಯಿ. ನಾಯಿಯಲ್ಲಿ ಅದು ಕಡಿದುಹೋದರೆ ಹಸು, ಮನುಷ್ಯರಲ್ಲೂ ಕಡಿದುಹೋಗುತ್ತದೆ. ಬಿಟ್ಟರೆ ಯುರೋಪಿನ ನರಿ, ಕ್ಯೂಬಾದ ಮುಂಗುಸಿಯಂತೆ ಇಲ್ಲೂ ಹೊಸ ಮನೆ ಹುಡುಕಿಕೊಳ್ಳಲು ಅವಕಾಶ ಇದ್ದೇ ಇದೆ. ಮುಂಗುಸಿಗೆ ಸೂಜಿ ಹಾಕುವವರು ಯಾರು?

ಆಗಿನ ನಗರಪಾಲಿಕೆ ಬಿಬಿಎಂಪಿಯ 2023ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು 2.79 ಲಕ್ಷ. ಸರಪಳಿ ಕಡಿಯಲು ನೂರಕ್ಕೆ 70 ನಾಯಿಗಳಿಗೆ ಲಸಿಕೆ ಬೀಳಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು 1.95 ಲಕ್ಷ. ನಾಯಿಯನ್ನು ಹಿಡಿದು ದೂರ ಬಿಟ್ಟು ಬರುವ ಕೆಲಸ ನನ್ನ ಲೆಕ್ಕದಲ್ಲಿ ಶುದ್ಧ ದಡ್ಡತನ. ಗಡಿ ಕಲಸಿದರೆ ಕಚ್ಚಾಟ ಹೆಚ್ಚುತ್ತದೆ, ವೈರಸ್ಸಿಗೆ ಬೇಕಿರುವುದೂ ಅದೇ. ಬೀದಿನಾಯಿಗೆ ಅನ್ನ ಹಾಕುವ ಓದುಗರು ಲಸಿಕೆಯ ವ್ಯಾನು ಬಂದ ದಿನ ಬೀದಿಗಿಳಿದು ನಾಯಿಯನ್ನು ಹಿಡಿದುಕೊಡಿ. ನಿಮ್ಮ ಕೈಗೆ ಬರುವ ನಾಯಿ ವ್ಯಾನಿನವರ ಬಲೆಗೆ ಬರುವುದಿಲ್ಲ. ಕಚ್ಚಿದರೆ ಅರಿಶಿನ, ಸುಣ್ಣ ಬೇಡ. 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.