ಹಳದಿ ಗೊಂಚಲಿಗೊಂದು ದಾರ

ಪಿಯುಸಿ ಲ್ಯಾಬಿನಲ್ಲಿ ಫಾಸ್ಫೇಟ್ ಲವಣ ಪಾಲಿಗೆ ಬಂದವರಿಗೆಲ್ಲ ಆ ಬಣ್ಣ ನೆನಪಿರುತ್ತದೆ. ನೈಟ್ರಿಕ್ ಆಮ್ಲ ಹಾಕಿ, ಅಮೋನಿಯಂ ಮಾಲಿಬ್ಡೇಟ್ ಸುರಿದು, ಟೆಸ್ಟ್ ಟ್ಯೂಬನ್ನು ಕೊಂಚ ಬೆಚ್ಚಗೆ ಮಾಡಿದರೆ ತಳದಲ್ಲಿ ಹಳದಿ ಗಷ್ಟು ಕೂರುತ್ತದೆ. ರೆಕಾರ್ಡಿನಲ್ಲಿ ಎರಡು ಸಾಲು ಬರೆದು ಅದನ್ನು ತೊಳೆದುಬಿಡುತ್ತಿದ್ದೆವು. ಚೆಲ್ಲಿದ್ದು ಏನನ್ನು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಸ್ವೀಡನ್ನಿನ ಬರ್ಜೀಲಿಯಸ್ 1826ರಲ್ಲೇ ಈ ಹಳದಿಯನ್ನು ವರ್ಣಿಸಿದ್ದರು. ಒಳಗಿನ ಕಟ್ಟಡ ಕಂಡದ್ದು 1933ರಲ್ಲಿ, ಮ್ಯಾಂಚೆಸ್ಟರಿನ ಜೆ.ಎಫ್. ಕೆಗ್ಗಿನ್ ಇದರ ದಾಯಾದಿಯಾದ ಫಾಸ್ಫೊಟಂಗ್‌ಸ್ಟಿಕ್ ಆಮ್ಲದ ಮೇಲೆ ಎಕ್ಸ್-ರೇ ಹಾಯಿಸಿದಾಗ. ನಡುವೆ ಒಂದು ರಂಜಕ, ಸುತ್ತ 12 ಟಂಗ್‌ಸ್ಟನ್, 40 ಆಮ್ಲಜನಕ. ನಮ್ಮ ಹಳದಿಯಲ್ಲಿ ಟಂಗ್‌ಸ್ಟನ್ ಜಾಗದಲ್ಲಿ ಮಾಲಿಬ್ಡಿನಂ, ಕಟ್ಟಡ ಅದೇ. ಇಡೀ ಗೊಂಚಲು ಸುಮಾರು ಒಂದು ನ್ಯಾನೊಮೀಟರ್. ಮೈಮೇಲೆ ಮೂರು ಋಣಾವೇಶ. ಎಲೆಕ್ಟ್ರಾನ್ ನುಂಗಿದರೂ ಆಕಾರ ಕೆಡುವುದಿಲ್ಲ, ಬಣ್ಣ ಮಾತ್ರ ಕಡುನೀಲಿಯಾಗುತ್ತದೆ. ಮಣ್ಣು ಪರೀಕ್ಷೆಯ ಕೇಂದ್ರಗಳಲ್ಲಿ ನಮ್ಮ ಹೊಲದ ರಂಜಕವನ್ನು ಅಳೆಯುವುದು ಮಾಲಿಬ್ಡಿನಂ ಗೊಂಚಲಿನ ಈ ನೀಲಿಯಿಂದಲೇ.

ಫಾಸ್ಫೊಟಂಗ್‌ಸ್ಟಿಕ್ ಆಮ್ಲ ಪ್ರೋಟಾನುಗಳನ್ನು ಚುರುಕಾಗಿ ಸಾಗಿಸುತ್ತದೆ, ಇಂಧನಕೋಶದ ಪೊರೆಗೆ ಹೇಳಿ ಮಾಡಿಸಿದ ಗುಣ. ಆದರೆ ನೀರು ಕಂಡರೆ ಕರಗಿ ಹೋಗುತ್ತದೆ. ಹಿಡಿದು ನಿಲ್ಲಿಸಲು ಒಂದು ದಾರ ಬೇಕು.

ಆ ದಾರ ಸೀಗಡಿ ಚಿಪ್ಪಿನಿಂದಲೂ ಬರುತ್ತದೆ. ಚಿಪ್ಪಿನಿಂದ ತಯಾರಿಸುವ ಕೈಟೊಸಾನ್ ಉದ್ದನೆಯ ಅಣುಸರಪಳಿ. ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿದರೆ ಅದರ ಉದ್ದಕ್ಕೂ ಧನಾವೇಶ ಮೂಡುತ್ತದೆ. ಅದನ್ನು ಸಿರಿಂಜಿನಿಂದ ಫಾಸ್ಫೊಟಂಗ್‌ಸ್ಟಿಕ್ ಆಮ್ಲದೊಳಕ್ಕೆ ಹನಿಸಿ ನೋಡಬೇಕು. ಹನಿ ಬಿದ್ದ ಕೂಡಲೇ ಸುತ್ತ ಬಿಳಿ ಪೊರೆ ಕಟ್ಟಿ, ಬೆಂದ ಸಬ್ಬಕ್ಕಿಯ ಕಾಳಿನಂತೆ ನಿಲ್ಲುತ್ತದೆ. ಆವೇಶಗಳ ಸೆಳೆತ ಅರ್ಧ ಕಾರಣ. ಎರಡರ ಮೈಗೂ ಅಂಟಿಕೊಂಡಿದ್ದ ಸಣ್ಣ ಅಯಾನುಗಳು ಬಿಡುಗಡೆಯಾಗಿ ನೀರಿನಲ್ಲಿ ಚದುರುವುದು ಇನ್ನರ್ಧ. ಈ ಎರಡನೆಯದನ್ನು ತಿಳಿದ ಮೇಲೆಯೇ ನನಗೆ ಆ ಕಾಳಿನ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು.

ಬಾರ್ಸಿಲೋನಾದಲ್ಲಿ ಪೆದ್ರೊ ಗೊಮೆಜ್-ರೊಮೆರೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಗೊಂಚಲನ್ನು ಪಾಲಿಪಿರೋಲ್ ಎಂಬ ವಿದ್ಯುತ್ ಹರಿಸುವ ಸರಪಳಿಗೆ ಸೇರಿಸಿದರು: ದಾರ ಎಲೆಕ್ಟ್ರಾನ್ ತಂದುಕೊಡುತ್ತದೆ, ಗೊಂಚಲು ಕೂಡಿಡುತ್ತದೆ. ಬ್ಯಾಟರಿಗೆ ಬೇಕಾದದ್ದು ಇದೇ ಜೋಡಿ. ಗೊಂಚಲನ್ನು ಸರಪಳಿಗೆ ರಾಸಾಯನಿಕ ಬಂಧದಿಂದಲೇ ಹೊಲಿಯುವವರೂ ಇದ್ದಾರೆ. ಅದು ಬಲವಾದ ಹೊಲಿಗೆ, ಕಷ್ಟದ ಕೆಲಸ. ಆದರೂ ಬರೀ ಆವೇಶದಿಂದ ತಾನಾಗಿ ಕಟ್ಟಿಕೊಳ್ಳುವ ಗಂಟೇ ನನಗೆ ಹೆಚ್ಚು ಚೆಂದ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಹೇಳಿ: ಆ ಹಳದಿಯನ್ನು ತಕ್ಷಣ ತೊಳೆಯುವುದು ಬೇಡ. ಉಪನ್ಯಾಸಕರನ್ನು ಕೇಳಿ, ಒಂದು ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಹಾಕಿಸಿ, ನೀಲಿಯಾಗುವುದನ್ನು ನೋಡಿಕೊಂಡು ಬರಲಿ.