ಮೂರನೆಯ ಹುಡುಗನ ಏಟು

ಶಿಕ್ಷಣಶಾಸ್ತ್ರ ಅಂತರ್‌ಶಿಸ್ತೀಯ ಅಧ್ಯಯನವೆಂದು ಹೇಳಿಕೊಳ್ಳದ ವಿಶ್ವವಿದ್ಯಾಲಯ ಈಗ ಸಿಗುವುದು ಕಷ್ಟ. ನಡೆಯುವುದೇನು? ತತ್ತ್ವಶಾಸ್ತ್ರಕ್ಕೊಂದು ಪತ್ರಿಕೆ, ಮನೋವಿಜ್ಞಾನಕ್ಕೊಂದು, ಸಮಾಜಶಾಸ್ತ್ರಕ್ಕೊಂದು. ಡ್ಯೂಯಿ, ಪಿಯಾಜೆ, ಡರ್ಖೈಮ್ ಮೂವರೂ ಒಂದೆಡೆ ಸೇರುವುದು ಅಂಕಪಟ್ಟಿಯಲ್ಲಿ ಮಾತ್ರ. ಶಿಕ್ಷಣವನ್ನು ಹೀಗೆ ಶಿಸ್ತುಗಳಿಗೆ ಹಂಚುವ ಪಾಲುಪಟ್ಟಿಯನ್ನು 1960ರ ದಶಕದ ಲಂಡನ್ನಿನಲ್ಲಿ ಶಿಕ್ಷಣ ತತ್ತ್ವಜ್ಞ ಪೀಟರ್ಸ್ ಮತ್ತು ಸಂಗಡಿಗರು ಹಾಕಿಕೊಟ್ಟರು.

ಅಂತರ್‌ಶಿಸ್ತೀಯವೆಂಬ ಹೆಗ್ಗಳಿಕೆಯನ್ನು ಒರೆಗೆ ಹಚ್ಚಲು ನಮ್ಮದೇ ಒಂದು ದಾಖಲೆ ಸಾಕು. ಮದ್ರಾಸಿನ ಗವರ್ನರ್ ಮನ್ರೋ 1822ರಲ್ಲಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಮರುವರ್ಷ ಉತ್ತರ ಕೊಟ್ಟ: 533 ಶಾಲೆ, 6,641 ಮಕ್ಕಳು. ಅಂಕಿಗಳ ಜೊತೆಗೆ ಅವನು ಶಾಲೆಯ ಒಂದು ಮುಂಜಾವನ್ನೂ ಬರೆದಿಟ್ಟ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದೇಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು.

ಮನೋವಿಜ್ಞಾನದ ಪತ್ರಿಕೆ ಇದನ್ನು ಬಹುಮಾನ, ದಂಡನೆ ಎಂದು ಓದಿ ಮುಗಿಸುತ್ತದೆ. ಆದರೆ ಆ ಸೊನ್ನೆ? ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬುದನ್ನೂ ಮಗುವಿನ ಮೈಮೇಲೆ ಬರೆದು ತೋರಿಸಬೇಕಿತ್ತೇ? ಇಲ್ಲಿ ದೇವತೆಯ ಹೆಸರು, ಲೆಕ್ಕ, ಛಡಿ ಮೂರೂ ಒಂದೇ ಅಂಗೈಯಲ್ಲಿವೆ. ತಪ್ಪು ಏನೆಂಬುದೂ ವಿಚಿತ್ರ: ಎಲ್ಲರೂ ಬೇಗನೆದ್ದು ಬಂದರೂ ಯಾರೋ ಒಬ್ಬ ಮೂರನೆಯವನಾಗಲೇಬೇಕು. ತಡಕ್ಕಲ್ಲ, ಸ್ಥಾನಕ್ಕೆ ಏಟು. ಮನೆಗೆಲಸ ಮುಗಿಸಿ ಬರುವ ಮಗು ಸಾಲಿನಲ್ಲಿ ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳದೆ ಈ ವಾಕ್ಯವನ್ನು ಓದಿದಂತಾಗುವುದಿಲ್ಲ; ಕೇಳಿದೊಡನೆ ಪತ್ರಿಕೆಗಳ ಗೋಡೆ ಉಳಿಯುವುದಿಲ್ಲ.

ಧರಂಪಾಲರ ಅಭಿಮಾನಿಗಳೊಂದಿಗೆ ನನ್ನ ತಕರಾರಿರುವುದೂ ಇಲ್ಲೇ. ಧರಂಪಾಲರ ಪುಸ್ತಕ 'ದ ಬ್ಯೂಟಿಫುಲ್ ಟ್ರೀ' (1983) ಈ ವರದಿಗಳನ್ನು ಕಡತದಿಂದ ಹೊರತಂದ ಉಪಕಾರ ದೊಡ್ಡದು. ಆದರೆ ಅದನ್ನು ಕೈಯಲ್ಲಿ ಹಿಡಿದು ಭಾಷಣ ಮಾಡುವವರಿಗೆ 533 ಎಂಬ ಸಂಖ್ಯೆ ಬೇಕು, ಅಂಗೈ ಬೇಡ. ಸಾವಿರ ಜನಕ್ಕೆ ಏಳು ಮಕ್ಕಳೂ ಶಾಲೆಯಲ್ಲಿಲ್ಲ ಎಂದು ಲೆಕ್ಕ ಹಾಕಿದವನೂ ಅದೇ ಕ್ಯಾಂಬೆಲ್. ನೇಕಾರಿಕೆ ಕುಸಿದು ಬಡತನ ಬಂದದ್ದರಿಂದ ಶಾಲೆಗಳು ಮುಚ್ಚಿದವೆಂದು ತನ್ನ ಸರ್ಕಾರಕ್ಕೇ ಬರೆದವನೂ ಅವನೇ. ಮೊದಲ ಮಾತನ್ನು ಬಿಡುವವರು ಒಂದು ಪಕ್ಷ, ಎರಡನೆಯದನ್ನು ಬಿಡುವವರು ಇನ್ನೊಂದು. ಎರಡೂ ಪಕ್ಷದವರು ತಮ್ಮನ್ನು ಇತಿಹಾಸಕಾರರೆಂದೇ ಕರೆದುಕೊಳ್ಳುತ್ತಾರೆ!

ಶಿಕ್ಷಣತಜ್ಞ ಕೃಷ್ಣ ಕುಮಾರ್ ಅವರ 'ಪೊಲಿಟಿಕಲ್ ಅಜೆಂಡಾ ಆಫ್ ಎಜುಕೇಶನ್' (1991) ಶಿಸ್ತುಗಳ ನಡುವಿನ ಈ ಗೋಡೆಗಳನ್ನು ನಿಜವಾಗಿ ದಾಟಿದ ಕೃತಿ. ಸಂಬಳ, ಇನ್‌ಸ್ಪೆಕ್ಟರು, ಪಠ್ಯಪುಸ್ತಕ, ಪರೀಕ್ಷೆ ಎಲ್ಲವನ್ನೂ ಹೆಣೆದು, ಮೇಲಿನವರೆದುರು ತಲೆತಗ್ಗಿಸುವ, ಮಕ್ಕಳೆದುರು ಗುಡುಗುವ ಮೇಷ್ಟರನ್ನು ವಸಾಹತು ಆಡಳಿತ ಹೇಗೆ ರೂಪಿಸಿತೆಂದು ತೋರಿಸುತ್ತದೆ. ಆದರೂ ಬಳ್ಳಾರಿಯ ಏಟುಗಳು ಅದಕ್ಕೆ ತೊಡಕು: ಇನ್‌ಸ್ಪೆಕ್ಟರು ಬರುವ ಮೊದಲೇ ಛಡಿ ಅಲ್ಲಿತ್ತು. ವಾದ ಇದರಿಂದ ಬೀಳುವುದಿಲ್ಲ. ವಸಾಹತು ಕಾಲದಲ್ಲಿ ಬದಲಾದದ್ದು ಏಟೋ, ಏಟಿನ ಕಾರಣವೋ ಎಂಬ ಪ್ರಶ್ನೆಗೆ ಮಾತ್ರ ಅದು ಇನ್ನೂ ಉತ್ತರ ಕೊಡಬೇಕಾಗಿದೆ.