ಬಗ್ಗಿ ನೋಡಿ ಟ್ರಾಲಿ ಕೊಳ್ಳಿ

ಸೋಯಾ ರಾಶಿ ಮುಗಿಯಬೇಕು, ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಬೇಕು. ಆಮೇಲೆ ನಾಲ್ಕು ತಿಂಗಳು ಲಾತೂರ್ ಜಿಲ್ಲೆಯ ನಮ್ಮ ವಲಾಂಡಿ ಸೀಮೆಯ ರಸ್ತೆಗಳಲ್ಲಿ ಟ್ರಾಲಿಗಳದ್ದೇ ದರ್ಬಾರು. ನಿಲಂಗಾದಿಂದ ಬಂದದ್ದು ಉದಗೀರದ ದಾರಿ ಹಿಡಿಯುತ್ತದೆ, ದೇವಣಿಯ ಕಡೆಯದು ಕರ್ನಾಟಕದ ಗಡಿ ದಾಟಿ ಭಾಲ್ಕಿಗೆ ಇಳಿಯುತ್ತದೆ, ಇನ್ನೊಂದು ಉಮರ್ಗಾಕ್ಕೆ ಹೋಗಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಸೇರುತ್ತದೆ. ಎಲ್ಲದರಲ್ಲೂ ಕಬ್ಬೇ ಇರುತ್ತದೆ ಅಂದುಕೊಳ್ಳಬೇಡಿ. ದ್ರಾಕ್ಷಿ ತೋಟದ ಔಷಧಿ ಸಿಂಪಡಣೆಗೆಂದು ಹೊರಟ ಮಿನಿ ಟ್ರ್ಯಾಕ್ಟರು, ಕಬ್ಬು ಕಡಿಯುವ ಜೋಡಿಗಳ ಟೈರ್ ಬಂಡಿ, ಸಂತೆಯಲ್ಲಿ ಕೊಂಡ ಹಳೆ ಜೀಪು, ಕೆಟ್ಟು ನಿಂತ ರಾಶಿ ಮಷೀನು, ಇವೂ ಟ್ರಾಲಿ ಏರಿ ಊರು ಬಿಡುತ್ತವೆ. ಗಾಡಿಯ ಮೇಲೆ ಗಾಡಿ ಹೇರಿ ನೂರು ಕಿಲೋಮೀಟರ್ ಒಯ್ಯಬೇಕಾದವನು ಎಂಥ ಟ್ರಾಲಿ ಕೊಳ್ಳಬೇಕು ಎಂಬುದು ಈ ವಾರದ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮವರು ಟ್ರಾಲಿ ನೋಡುವಾಗ ಡಬ್ಬಿ ನೋಡುತ್ತಾರೆ. ತಗಡು ಎಷ್ಟು ದಪ್ಪ, ಬಣ್ಣ ಯಾವುದು, ಹಿಂದಿನ ಫಳಿಯ ಮೇಲೆ ದೇವರ ಹೆಸರು ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ಟ್ರಾಲಿಯ ಯೋಗ್ಯತೆ ಇರುವುದು ಡಬ್ಬಿಯ ಕೆಳಗೆ: ಚಾಸಿ, ಆಕ್ಸೆಲ್, ಹಬ್ಬು, ಹುಕ್ಕು. ಅದು ಎಷ್ಟು ಹೊರುತ್ತದೆ ಎಂಬುದಕ್ಕಿಂತ, ಹೊತ್ತ ಮೇಲೆ ಇಳಿಜಾರಿನಲ್ಲಿ ನಿಮ್ಮ ಮಾತು ಕೇಳುತ್ತದೋ ಇಲ್ಲವೋ ಎಂದು ನೋಡಿ ಆರಿಸಬೇಕು. ಎಳೆಯಲು ಯಾವ ಟ್ರ್ಯಾಕ್ಟರಾದರೂ ಎಳೆಯುತ್ತದೆ. ನಿಲ್ಲಿಸುವುದರಲ್ಲಿ ಪರೀಕ್ಷೆ.

ಉದಗೀರ ರಸ್ತೆಯ ವೆಲ್ಡಿಂಗ್ ಅಂಗಡಿಯ ಮೇಸ್ತ್ರಿಯೊಬ್ಬರು ಗಿರಾಕಿಗೆ ಹೇಳುತ್ತಿದ್ದ ಮಾತಿನಲ್ಲಿ ಅರ್ಧ ಶಾಸ್ತ್ರ ಇತ್ತು: “ಏನ್ ಹಾಕ್ತೀರಿ ಮಾಲಕ್ರ, ಅದನ್ನ ಮೊದಲ ಹೇಳ್ರಿ. ಕಬ್ಬಂದ್ರ ಒಂದು ಡಬ್ಬಿ, ಖಡಿ ಅಂದ್ರ ಒಂದು ಡಬ್ಬಿ, ಗಾಡಿ ಹಾಕ್ತೀನಂದ್ರ ಅದರ ಲೆಕ್ಕನ ಬ್ಯಾರೆ.” ಖಡಿ, ಅಂದರೆ ಜಲ್ಲಿ, ಸುರಿದರೆ ಡಬ್ಬಿಯ ತುಂಬ ಸಮನಾಗಿ ಕೂಡುತ್ತದೆ. ಗಾಡಿ ಹಾಗಲ್ಲ. ಅದರ ಭಾರವೆಲ್ಲ ನಾಲ್ಕು ಗಾಲಿಯ ಅಡಿಯಲ್ಲಿ ನಾಲ್ಕು ಅಂಗೈಯಗಲದ ಜಾಗದಲ್ಲಿ ಒತ್ತುತ್ತದೆ. ಮೇಲಾಗಿ ಅದಕ್ಕೆ ತಾನಾಗಿ ಉರುಳುವ ಬುದ್ಧಿ ಬೇರೆ.

ಎರಡು ಗಾಲಿಯದೋ ನಾಲ್ಕು ಗಾಲಿಯದೋ ಎಂಬುದು ಮೊದಲ ಪ್ರಶ್ನೆ. ನಾಲ್ಕು ಗಾಲಿಯ ಟ್ರಾಲಿ ತನ್ನ ಭಾರ ತಾನೇ ಹೊರುತ್ತದೆ. ಮುಂದಿನ ಆಕ್ಸೆಲ್ ತಿರುಗುವ ತಟ್ಟೆಯ ಮೇಲೆ ಕೂತಿರುತ್ತದೆ, ಹುಕ್ಕಿನ ಮೇಲೆ ಎಳೆತ ಬಿಟ್ಟರೆ ಒತ್ತಡ ಇಲ್ಲ. ಉದ್ದನೆಯ ಸಪಾಟು ದಾರಿಗೆ ಚೆಂದ. ಆದರೆ ಹಿಂದಕ್ಕೆ ತೆಗೆಯುವಾಗ ಎರಡು ಕಡೆ ಮಡಚುತ್ತದೆ, ಹೊಸ ಡ್ರೈವರ್ ಕೈಗೆ ಸಿಗುವುದಿಲ್ಲ. ಎರಡು ಗಾಲಿಯದು ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಹಿಂಗಾಲಿಯ ಮೇಲೆ ಹಾಕುತ್ತದೆ. ಅದರಿಂದ ಗಾಲಿಗೆ ಹಿಡಿತ ಬರುತ್ತದೆ, ಎರಿಭೂಮಿಯ ಕೆಸರಿನಿಂದ ಏಳುವಾಗ ಇದೇ ವರ. ನಮ್ಮ ಹೊಲದ ದಾರಿ, ನಮ್ಮ ಏರಿಳಿತಕ್ಕೆ ಎರಡು ಗಾಲಿಯದೇ ಸರಿ ಎಂಬುದು ನನ್ನ ಮತ. ಒಂದು ಷರತ್ತು: ಭಾರ ಎಲ್ಲಿ ಕೂಡಬೇಕೆಂಬುದು ಗೊತ್ತಿರಬೇಕು.

ಇದು ದೇವಣಿ ಎತ್ತು ಕಟ್ಟಿದ ಹಿರಿಯರಿಗೆ ಹೊಸ ವಿದ್ಯೆಯಲ್ಲ. ಬಂಡಿಗೆ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರ ಮಿತಿಮೀರಿದರೆ ಹೆಗಲು ಹುಣ್ಣಾಗುತ್ತದೆ. ಟ್ರಾಲಿಯ ಲೆಕ್ಕವೂ ಅದೇ. ಕಾರಿನ ಹಿಂದೆ ಟ್ರೇಲರ್ ಕಟ್ಟುವ ಅಮೆರಿಕದವರು ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಹುಕ್ಕಿನ ಮೇಲಿರಲಿ ಎನ್ನುತ್ತಾರೆ. ಕಡಿಮೆಯಾದರೆ ಟ್ರಾಲಿ ಬಾಲ ಬೀಸುತ್ತದೆ. ತೀರಾ ಹೆಚ್ಚಾದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಗಾಲಿ ಕೇಳುವುದಿಲ್ಲ. ಟ್ರ್ಯಾಕ್ಟರಿನ ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಯ ಮೇಲೆ ಉಳಿಯಬೇಕೆಂಬುದು ಬಲ್ಲವರ ಕಟ್ಟಳೆ.

ಒಂದು ಉದಾಹರಣೆ ಹಾಕಿ ನೋಡೋಣ. 850 ಕಿಲೋ ತೂಗುವ ಮಿನಿ ಟ್ರ್ಯಾಕ್ಟರು, ಅದರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಐದು ಅಡಿ. ಟ್ರ್ಯಾಕ್ಟರಿನ ಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಹಿಂದಿನ ಗಾಲಿಯ ಮೇಲೇ ಇರುವುದರಿಂದ ಅದರ ತೂಕದ ನಡು ಹಿಂಗಾಲಿಯಿಂದ ಎರಡು ಅಡಿ ಮುಂದೆ ಬರುತ್ತದೆ. ಟ್ರಾಲಿ ಹತ್ತು ಅಡಿ ಉದ್ದ, ಅದರ ಆಕ್ಸೆಲ್ ಮುಂದಿನ ಫಳಿಯಿಂದ ಆರು ಅಡಿ, ಹುಕ್ಕಿನಿಂದ ಹತ್ತು ಅಡಿ ದೂರ ಎಂದಿಟ್ಟುಕೊಳ್ಳಿ. ಮಿನಿ ಟ್ರ್ಯಾಕ್ಟರನ್ನು ಮೂತಿ ಮುಂದೆ ಮಾಡಿ, ಹಿಂಗಾಲಿ ಟ್ರಾಲಿಯ ಆಕ್ಸೆಲಿನಿಂದ ಒಂದು ಅಡಿ ಹಿಂದೆ ಬರುವಂತೆ ನಿಲ್ಲಿಸಿದರೆ ತೂಕದ ನಡು ಆಕ್ಸೆಲಿಗಿಂತ ಒಂದು ಅಡಿ ಮುಂದೆ ಬಿತ್ತು. ಹುಕ್ಕಿನ ಮೇಲೆ ಬೀಳುವುದು ಹತ್ತನೇ ಒಂದು ಪಾಲು, 85 ಕಿಲೋ. ಇದು ಹದವಾದ ಹೇರು. ಡ್ರೈವರ್ ಮಹಾಶಯ ಹತ್ತಿದ ಕೂಡಲೇ “ಸಾಕು ಬಿಡೋ” ಎಂದು ಆ ಜಾಗಕ್ಕಿಂತ ಒಂದೂವರೆ ಅಡಿ ಹಿಂದೆಯೇ ನಿಲ್ಲಿಸಿಬಿಟ್ಟರೆ ತೂಕದ ನಡು ಆಕ್ಸೆಲಿನ ಹಿಂದಕ್ಕೆ ಜಾರುತ್ತದೆ. ಆಗ ಅದೇ ಗಾಡಿ ಹುಕ್ಕನ್ನು ಒತ್ತುವ ಬದಲು 40 ಕಿಲೋಗೂ ಮಿಕ್ಕಿ ಮೇಲಕ್ಕೆತ್ತಿ, ಟ್ರಾಲಿಯ ಸ್ವಂತ ಮುಂಭಾರವನ್ನೂ ತಿನ್ನತೊಡಗುತ್ತದೆ. ಒಂದೂವರೆ ಅಡಿಯಲ್ಲಿ ಇಷ್ಟು ವ್ಯತ್ಯಾಸ! ಆದ್ದರಿಂದ ಹೊಸದಾಗಿ ಮಾಡಿಸುವವರು ಆಕ್ಸೆಲನ್ನು ಡಬ್ಬಿಯ ನಟ್ಟನಡುವೆ ಹಾಕಿಸದೆ ನಡುವಿಗಿಂತ ಅಡಿಯಷ್ಟು ಹಿಂದೆ ಹಾಕಿಸಬೇಕು. ಹದವಾದ ಜಾಗ ಗೊತ್ತಾದ ಮೇಲೆ ಡಬ್ಬಿಯ ತಳಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ ಯಾರು ಹೇರಿದರೂ ತಪ್ಪುವುದಿಲ್ಲ.

ಹಳೆಯದು ಕೊಳ್ಳುವವರಿಗೆ ಒಂದು ಹಗ್ಗದ ಪರೀಕ್ಷೆ ಹೇಳುತ್ತೇನೆ. ಟ್ರಾಲಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ. ಹುಕ್ಕಿನ ಕಣ್ಣಿಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಎಡಗಾಲಿಯ ಹಬ್ಬಿನ ನಡುವಿಗೆ ಮುಟ್ಟಿಸಿ ಗಂಟು ಹಾಕಿ. ಅದೇ ಗಂಟನ್ನು ಬಲಗಾಲಿಯ ಹಬ್ಬಿಗೆ ಒಯ್ಯಿರಿ. ಎರಡೂ ಸರಿಹೋದರೆ ಆಕ್ಸೆಲ್ ನೇರ. ಒಂದೆರಡು ಬೆರಳು ಹೆಚ್ಚುಕಡಿಮೆ ಬಂದರೆ ಆ ಟ್ರಾಲಿ ಓರೆಯಾಗಿ ನಡೆಯುತ್ತದೆ, ಟೈರನ್ನು ಒಂದೇ ಬದಿಗೆ ತಿನ್ನುತ್ತದೆ. ಹೊಲದಿಂದ ಮನೆಗೆ ತರುವಾಗ ಇದು ತಿಳಿಯುವುದೇ ಇಲ್ಲ, ನೂರು ಕಿಲೋಮೀಟರ್ ಹೋದರೆ ಟೈರು ಹೇಳುತ್ತದೆ. ಆಮೇಲೆ ಬಗ್ಗಿ, ಹುಕ್ಕಿನಿಂದ ಚಾಸಿಗೆ ಹೋಗುವ ಎರಡು ತೋಳುಗಳ ಬುಡ ನೋಡಿ. ಎಲ್ಲ ಕಡೆ ಹಳೆ ಬಣ್ಣವಿದ್ದು ಅಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಬೆಸುಗೆ ಒಮ್ಮೆ ಬಿಟ್ಟಿತ್ತು ಎಂದೇ ಅರ್ಥ. ಸ್ಪ್ರಿಂಗ್ ಪಾಟಾಗಳಲ್ಲಿ ಒಡಕಿದೆಯೇ ನೋಡಿ. ಗಾಲಿಯನ್ನು ಜ್ಯಾಕ್ ಮೇಲೆ ಎತ್ತಿ ಕೈಯಿಂದ ಅಲುಗಿಸಿ. ಗಡಗಡ ಎಂದರೆ ಬೇರಿಂಗ್ ಮುಗಿದಿದೆ.

ಟೈರಿನ ವಿಷಯದಲ್ಲಿ ನಮ್ಮವರು ಜಿಪುಣರು. ಲಾರಿಯಿಂದ ಇಳಿದ ಟೈರಿಗೆ ರಬ್ಬರು ಮೆತ್ತಿಸಿ ಟ್ರಾಲಿಗೆ ಏರಿಸುತ್ತಾರೆ. ಹತ್ತಿರದ ಕೆಲಸಕ್ಕೆ ನಡೆದೀತು. ದೂರ ಹೋಗುವಾಗ ಮೇಲಿನ ಹಲ್ಲಿಗಿಂತ ಪಕ್ಕದ ಗೋಡೆ ಮುಖ್ಯ. ಅಲ್ಲಿ ಕೂದಲಿನಂಥ ಬಿರುಕು, ಉಬ್ಬು ಕಂಡರೆ ಬೇಡ ಅನ್ನಿ. ಎರಡೂ ಕಡೆಯ ಟೈರು ಒಂದೇ ಅಳತೆಯದಿರಲಿ, ಸ್ಟೆಪ್ನಿ ಇಲ್ಲದೆ ಹೊರಡಬೇಡಿ. ಹೊರಟು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಹಬ್ಬಿನ ಹತ್ತಿರ ಕೈ ಒಯ್ಯಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಗ್ರೀಸು ಒಣಗಿದೆ ಅಥವಾ ಬೇರಿಂಗ್ ಬಿಗಿಯಾಗಿದೆ.

ಗಾಡಿ ಒಯ್ಯಲೆಂದೇ ಕೊಳ್ಳುವವರು ಹೈಡ್ರಾಲಿಕ್ ಜ್ಯಾಕಿನ ಟ್ರಾಲಿಗೆ ಆಸೆಪಡಬೇಕಿಲ್ಲ. ಖಡಿ, ಗೊಬ್ಬರ ಸುರಿಯುವವರಿಗೆ ಅದು ಬೇಕು. ಗಾಡಿಯವರಿಗೆ ಅದು ತೂಕ ಹೆಚ್ಚಿಸುತ್ತದೆ, ಡಬ್ಬಿಯ ತಳವನ್ನು ಎತ್ತರಿಸುತ್ತದೆ. ತಳ ಎಷ್ಟು ತಗ್ಗೋ ಅಷ್ಟು ಒಳ್ಳೆಯದು. ತಳ ಮೂರು ಅಡಿ ಎತ್ತರದಲ್ಲಿದ್ದು, ಆರು ಅಡಿ ಹಲಗೆ ಹಚ್ಚಿದರೆ ಏರು 30 ಡಿಗ್ರಿ. ಅಂಥ ಏರಿನಲ್ಲಿ ಮೂತಿ ಮುಂದಾಗಿ ಹತ್ತಿಸಿದ ಟ್ರ್ಯಾಕ್ಟರು ಹಿಂದಕ್ಕೆ ಮಗುಚಬಹುದು. ಹನ್ನೆರಡು ಅಡಿ ಹಲಗೆಯಾದರೆ ಏರು ಅರ್ಧಕ್ಕಿಂತ ಕಡಿಮೆ. ಹಲಗೆಗಿಂತ ನಮ್ಮ ಹಳೆಯ ಉಪಾಯವೇ ಮೇಲು: ಮಣ್ಣಿನ ದಿಬ್ಬಕ್ಕೆ ಟ್ರಾಲಿಯ ಹಿಂಬದಿ ತಾಗಿಸಿ ನಿಲ್ಲಿಸುವುದು, ದಿಬ್ಬದ ಮೇಲಿಂದ ಗಾಡಿಯನ್ನು ಸಪಾಟಾಗಿ ಒಳಗೆ ನಡೆಸುವುದು. ಒಂದು ಮಾತು ಮರೆಯಬಾರದು. ಎರಡು ಗಾಲಿಯ ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಹುಕ್ ಮಾಡದೆ, ಬರೀ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಡಿ ಹತ್ತಿಸಬಾರದು. ಹಿಂಬದಿಗೆ ಭಾರ ಬಿದ್ದೊಡನೆ ಮೂತಿ ಆಕಾಶಕ್ಕೇಳುತ್ತದೆ.

ಒಳಗೆ ನಿಂತ ಗಾಡಿಯನ್ನು ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಗಾಲಿಗೆ ಮರದ ತುಂಡು ಕೊಟ್ಟು, ನಾಲ್ಕು ಮೂಲೆಗೆ ಸರಪಳಿಯಿಂದ ಕಟ್ಟಬೇಕು. ಸರಪಳಿ ಹಾಕುವ ಕಡಗಗಳು ಚಾಸಿಗೆ ಬೆಸೆದಿರಲಿ, ತಗಡಿಗಲ್ಲ. ನೂಲಿನ ಹಗ್ಗ ದಾರಿಯಲ್ಲಿ ಸಡಿಲುತ್ತದೆ. ಐವತ್ತು ಕಿಲೋಮೀಟರಿಗೆ ಒಮ್ಮೆ ಇಳಿದು ಸರಪಳಿ ಬಿಗಿ ಮಾಡಿಕೊಳ್ಳುವವನೇ ಜಾಣ.

ಈಗ ನಿಲ್ಲಿಸುವ ಮಾತು. ಬಾಲಾಘಾಟದ ಈ ಎತ್ತರದಿಂದ ಮಾಂಜರಾ ಬಯಲಿಗೆ ಇಳಿಯುವ ದಾರಿಗಳಲ್ಲಿ ಇಪ್ಪತ್ತು ಅಡಿಗೆ ಒಂದಡಿ ಇಳಿಯುವ ತುಂಡೊಂದು ಸಿಕ್ಕಿತೆನ್ನಿ. ಮಿನಿ ಟ್ರ್ಯಾಕ್ಟರು, ಟ್ರಾಲಿ ಸೇರಿ ಎರಡು ಟನ್ ಆದರೆ ಹಿಂದಿನಿಂದ ನೂರು ಕಿಲೋ ಒತ್ತಡ ಸದಾ ನೂಕುತ್ತಿರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗವನ್ನು 30ಕ್ಕೆ ಏರಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಯುರೋಪಿನಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ನಮ್ಮ ಟ್ರಾಲಿಗಳು ಟನ್‌ಗಟ್ಟಲೆ ಹೊತ್ತರೂ ಸಾಮಾನ್ಯವಾಗಿ ಬ್ರೇಕ್ ಕಂಡಿರುವುದಿಲ್ಲ, ಎಲ್ಲ ಹೊಣೆಯೂ ಮುಂದಿನ ಟ್ರ್ಯಾಕ್ಟರಿನದು. ಬ್ರೇಕಿಲ್ಲದ ಟ್ರಾಲಿಯ ಒಟ್ಟು ಭಾರ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟು ದಾಟಬಾರದು, ವೇಗ ಗಂಟೆಗೆ 32 ಕಿಲೋಮೀಟರ್ ಮೀರಬಾರದು ಎಂಬ ಎಚ್ಚರಿಕೆ ಟ್ರ್ಯಾಕ್ಟರ್ ಕೈಪಿಡಿಗಳಲ್ಲಿ ಬರುತ್ತದೆ. ಎರಡು ಟನ್ ತೂಗುವ 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಲೆಕ್ಕ ಮೂರು ಟನ್. ಡಬಲ್ ಟ್ರಾಲಿ ಕಬ್ಬು ಎಳೆಯುವವರು ಇದನ್ನು ಓದಿ ನಗಬಹುದು. ನಗಲಿ.

ಗಡಿಬಿಡಿಯಲ್ಲಿ ಮರೆಯುವ ಸಣ್ಣ ಸಂಗತಿ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳ ನಡುವಿನ ಕೊಂಡಿ. ಹೊಲದಲ್ಲಿ ತಿರುಗಲು ಎಡಬಲ ಬ್ರೇಕನ್ನು ಬೇರೆಬೇರೆ ಒತ್ತಬೇಕೆಂದು ಅದನ್ನು ಬಿಚ್ಚಿರುತ್ತೇವೆ. ಹಾಗೇ ಡಾಂಬರು ರಸ್ತೆಗೆ ಬಂದು, ಇಳಿಜಾರಿನಲ್ಲಿ ಒಂದೇ ಪೆಡಲಿಗೆ ಕಾಲು ಬಿದ್ದರೆ ಟ್ರ್ಯಾಕ್ಟರು ಒಂದು ಕಡೆಗೆ ಎಳೆದುಕೊಳ್ಳುತ್ತದೆ, ಹಿಂದಿನ ಟ್ರಾಲಿ ನೂಕಿ ಮಡಚಿಹಾಕುತ್ತದೆ. ಊರು ದಾಟುವ ಮೊದಲು ಕೊಂಡಿ ಹಾಕಿ. ಹುಕ್ಕನ್ನು ಯಾವತ್ತೂ ಟ್ರ್ಯಾಕ್ಟರಿನ ಕೆಳಗಿನ ಜಾಗಕ್ಕೇ ಕೊಡಿ. ಮೇಲಕ್ಕೆ ಕೊಟ್ಟರೆ ಏರಿನಲ್ಲಿ ಮೂತಿ ಏಳುತ್ತದೆ. ಇಳಿಜಾರನ್ನು, ಅದನ್ನು ಏರುವಾಗ ಹಾಕುವ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಹೋಗಬೇಡಿ.

ಕಾಗದಪತ್ರದ ಮಾತು ಚಿಕ್ಕದಾಗಿ. ರಾಜ್ಯ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು. ನೆಂಟಸ್ತಿಕೆ ಇಂದಿಗೂ ಗಡಿ ನೋಡುವುದಿಲ್ಲ, ಟ್ರಾಲಿ ಮಾತ್ರ ನೋಡಬೇಕು. ಲಾತೂರಿನ ಎಂಎಚ್–24 ಫಲಕ ಹಾಕಿಕೊಂಡು ಬೀದರಿನ ಕೆಎ–38ರ ಸೀಮೆಗೆ ಇಳಿಯುವವನ ಟ್ರಾಲಿಗೂ ಸ್ವಂತ ನೋಂದಣಿ ಸಂಖ್ಯೆ ಬೇಕು. ಟ್ರ್ಯಾಕ್ಟರಿನ ವಿಮೆಯಲ್ಲಿ ಟ್ರಾಲಿಯ ಹೆಸರು ಸೇರಿದೆಯೇ ನೋಡಿಕೊಳ್ಳಬೇಕು. ಕೃಷಿಗೆಂದು ನೋಂದಾಯಿಸಿ ಬಾಡಿಗೆಗೆ ಗಾಡಿ ಹೇರಿದರೆ ಅವಘಡದ ದಿನ ವಿಮೆಯವರು ಕೈ ಎತ್ತುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿಮೀರಿದ ಹೇರಿಗೆ ದಂಡ ₹20,000, ಮೇಲೆ ಹೆಚ್ಚುವರಿ ಟನ್ನಿಗೆ ₹2,000. ಹಿಂಬದಿಗೆ ಕೆಂಪು ದೀಪ, ಹೊಳೆಯುವ ಪಟ್ಟಿ ಕಡ್ಡಾಯ ಎಂಬ ಕಾರಣಕ್ಕಲ್ಲ, ಕತ್ತಲಲ್ಲಿ ಹಿಂದೆ ಬರುವ ಬೈಕಿನ ಹುಡುಗನಿಗಾಗಿ ಹಾಕಿಸಿ.

ಕಡೆಯದಾಗಿ ನನ್ನ ಆಯ್ಕೆ. ಮಿನಿ ಟ್ರ್ಯಾಕ್ಟರ್, ಟೈರ್ ಬಂಡಿ, ಜೀಪು ಒಯ್ಯುವವರಿಗೆ ಎರಡು ಗಾಲಿಯ, ಜ್ಯಾಕಿಲ್ಲದ, ತಗ್ಗು ತಳದ, ಹತ್ತು–ಹನ್ನೆರಡು ಅಡಿ ಉದ್ದದ ಟ್ರಾಲಿ. ಒಳಗೆ ಆರು ಅಡಿ ಅಗಲ, ತಳಕ್ಕೆ ದಪ್ಪ ತಗಡು, ಚಾಸಿಗೆ ಎಂಟು ಕಡಗ. ಸುತ್ತಲಿನ ಫಳಿಯ ತಗಡಿನಲ್ಲಿ ಉಳಿಸಿದ ಹಣವನ್ನು ಆಕ್ಸೆಲ್, ಬೇರಿಂಗ್, ಟೈರಿಗೆ ಹಾಕಿ. ಸಾಧ್ಯವಿದ್ದರೆ ಟ್ರಾಲಿ ಮುಂದಕ್ಕೆ ನೂಕಿದಾಗ ತಾನಾಗಿ ಹಿಡಿಯುವ ಬ್ರೇಕ್ ಕೂಡಿಸಿ. ಎರಡು ಟನ್ನಿನ ದೊಡ್ಡ ಟ್ರ್ಯಾಕ್ಟರನ್ನು ನೂರು ಕಿಲೋಮೀಟರಿನಾಚೆ ಒಯ್ಯಬೇಕಾದವರಿಗೆ ನನ್ನ ಸಲಹೆ ಬೇರೆ: ಟ್ರಾಲಿ ಕೊಳ್ಳಬೇಡಿ, ಒಂದು ದಿನಕ್ಕೆ ಲಾರಿ ಬಾಡಿಗೆ ಮಾಡಿ. ಅದು ಟ್ರಾಲಿಯ ಕೆಲಸವಲ್ಲ. ಹೇರಿದರೆ ಹೊರುತ್ತದೆ ನಿಜ, ಆದರೆ ನಿಮ್ಮ ಟ್ರ್ಯಾಕ್ಟರಿಗೆ ಅದನ್ನು ನಿಲ್ಲಿಸುವ ತಾಕತ್ತಿಲ್ಲ.